ಚೀಟಿಯಲ್ಲಿ 5 ಕೋಟಿ, ಕಾರ್ಡ್‌ನಲ್ಲಿ ಬಾಕಿ

ಪ್ರಶ್ನೆ: ನನಗೆ 32 ವರ್ಷ, ತಿಂಗಳಿಗೆ 30 ಸಾವಿರ ಸಂಬಳ. ಶ್ರೀಮಂತರಾಗುವ ದಾರಿ ಹೇಳುವ ಹಳೆಯ ಪ್ರಸಿದ್ಧ ಪುಸ್ತಕಗಳನ್ನು ಎರಡು ವರ್ಷದಿಂದ ಓದುತ್ತಿದ್ದೇನೆ. ಅವು ಹೇಳಿದಂತೆ ‘20 ವರ್ಷದಲ್ಲಿ 5 ಕೋಟಿ’ ಎಂದು ಚೀಟಿಯಲ್ಲಿ ಬರೆದು ದಿನಕ್ಕೆರಡು ಸಲ ಗಟ್ಟಿಯಾಗಿ ಓದುತ್ತೇನೆ. ಆದರೆ ಕೈಯಲ್ಲಿ ದುಡ್ಡು ನಿಂತಿಲ್ಲ, ಕ್ರೆಡಿಟ್ ಕಾರ್ಡ್ ಬಾಕಿ ಮಾತ್ರ ಬೆಳೆದಿದೆ. ‘ನಿನಗೆ ನಂಬಿಕೆ ಸಾಲದು’ ಎನ್ನುತ್ತಾನೆ ಗೆಳೆಯ. ‘ಎಲ್ಲ ಬೊಗಳೆ’ ಎನ್ನುತ್ತಾಳೆ ಅಕ್ಕ. ಯಾರ ಮಾತು ಕೇಳಲಿ?

ಉತ್ತರ: ನಿಮ್ಮ ಅಕ್ಕನ ಮಾತು ಮುಕ್ಕಾಲು ಪಾಲು ಸರಿ. ಆದರೆ ಉಳಿದ ಕಾಲು ಪಾಲಿನಲ್ಲೇ ನಿಮಗೆ ಬೇಕಾದದ್ದಿದೆ.

ಮೊದಲು ಚೀಟಿಯ ವಿಷಯ. ದಿನಕ್ಕೆರಡು ಸಲ ಓದುವ ಈ ಪದ್ಧತಿಯನ್ನು ಮನೆಮಾತು ಮಾಡಿದ್ದು ನೆಪೋಲಿಯನ್ ಹಿಲ್ 1937ರಲ್ಲಿ ಬರೆದ ಪುಸ್ತಕ. ಅಮೆರಿಕದಲ್ಲಿ ಆಗ ಮಹಾ ಆರ್ಥಿಕ ಕುಸಿತದ ಕಾಲ. ಕೆಲಸ ಕಳೆದುಕೊಂಡು ಕೈಚೆಲ್ಲಿ ಕೂತವರಿಗೆ ‘ಎದ್ದು ಇನ್ನೊಂದು ಬಾಗಿಲು ತಟ್ಟು’ ಎಂದು ಹೇಳುವವರು ಬೇಕಿತ್ತು. ಆ ಧೈರ್ಯವನ್ನು ನಾನು ಹಗುರವಾಗಿ ಕಾಣುವುದಿಲ್ಲ. ‘ನನ್ನಿಂದಾಗದು’ ಎಂದುಕೊಂಡವನು ಅರ್ಜಿಯನ್ನೇ ಹಾಕುವುದಿಲ್ಲವಲ್ಲ.

ತೊಡಕಿರುವುದು ಸಾಕ್ಷಿಯಲ್ಲಿ. ಇಂಥ ಪುಸ್ತಕಗಳು ಗೆದ್ದವರನ್ನು ಕಂಡು ಬರೆದವು. ಪ್ರಾಚೀನ ಗ್ರೀಸಿನ ಡಯಾಗೊರಸ್ ಎಂಬ ನಾಸ್ತಿಕನ ಬಗ್ಗೆ ರೋಮಿನ ಲೇಖಕ ಸಿಸೆರೊ ಹೇಳುವ ಕಥೆಯೊಂದಿದೆ. ಬಿರುಗಾಳಿಯಲ್ಲಿ ದೇವರಿಗೆ ಹರಕೆ ಹೊತ್ತು ಬದುಕಿ ಬಂದವರ ಚಿತ್ರಗಳನ್ನು ಗೆಳೆಯನೊಬ್ಬ ಅವನಿಗೆ ತೋರಿಸಿದನಂತೆ. ಹರಕೆ ಹೊತ್ತೂ ಮುಳುಗಿದವರ ಚಿತ್ರ ಎಲ್ಲೂ ಇಲ್ಲವಲ್ಲ ಎಂದನಂತೆ ಡಯಾಗೊರಸ್. ಚೀಟಿ ಬರೆದು, ಮನಸಾರೆ ನಂಬಿ, ಸಾಲದಲ್ಲಿ ಮುಳುಗಿದವರನ್ನು ಯಾರೂ ಸಂದರ್ಶನ ಮಾಡಿಲ್ಲ.

ಕನಸು ಕಾಣುವುದರಿಂದಲೇ ನಷ್ಟವಾಗುವುದೂ ಉಂಟು. ಮನಶ್ಶಾಸ್ತ್ರಜ್ಞೆ ಗ್ಯಾಬ್ರಿಯೆಲ್ ಓಟಿಂಗೆನ್ ಮತ್ತು ಸಂಗಡಿಗರು 2002ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಪದವಿ ಮುಗಿಸಿದವರನ್ನು ಎರಡು ವರ್ಷ ಗಮನಿಸಿತ್ತು. ಒಳ್ಳೆಯ ಕೆಲಸದ ಸುಖಸ್ವಪ್ನದಲ್ಲಿ ಹೆಚ್ಚು ತೇಲಿದವರಿಗೆ ಬಂದ ಅವಕಾಶಗಳೂ ಕಡಿಮೆ, ಸಂಬಳವೂ ಕಡಿಮೆ. ‘ನನಗೆ ಕೆಲಸ ಸಿಗುವ ಸಂಭವ ಚೆನ್ನಾಗಿದೆ’ ಎಂದು ಅಂದಾಜು ಮಾಡಿದವರಾದರೋ ಮುಂದೆ ಬಂದಿದ್ದರು. ನಿರೀಕ್ಷೆ ಬೇರೆ, ಹಗಲುಗನಸು ಬೇರೆ. ಊಟದ ಕನಸಿನಲ್ಲೇ ಹೊಟ್ಟೆ ತುಂಬಿದರೆ ಒಲೆ ಹಚ್ಚುವವರು ಯಾರು?

ನಿಮ್ಮ ಗೆಳೆಯನ ಮಾತು ನನಗೆ ಹಿಡಿಸದಿರುವುದೂ ಇದೇ ಕಾರಣಕ್ಕೆ. ಫಲ ಸಿಕ್ಕರೆ ಪುಸ್ತಕದ ಮಹಿಮೆ, ಸಿಗದಿದ್ದರೆ ಓದಿದವನ ನಂಬಿಕೆಯ ದೋಷ! ಯಾವತ್ತೂ ಸೋಲದ ಸಲಹೆಯನ್ನು ಪರೀಕ್ಷಿಸುವುದಾದರೂ ಹೇಗೆ?

ಇನ್ನು ಆ ಕಾಲು ಪಾಲು. ಗಳಿಸಿದ್ದರಲ್ಲಿ ಹತ್ತನೇ ಒಂದು ಭಾಗವನ್ನು ಮೊದಲೇ ಎತ್ತಿಡು ಎಂಬ ಸಲಹೆಗೆ ದೊಡ್ಡ ಪ್ರಚಾರ ಸಿಕ್ಕಿದ್ದು 1926ರಿಂದ ಜಾರ್ಜ್ ಕ್ಲೇಸನ್ ಬರೆದ ಬ್ಯಾಬಿಲೋನಿನ ಕಥೆಗಳಿಂದ. (ಅವು ಮೊದಲು ಸಣ್ಣ ಪುಸ್ತಿಕೆಗಳಾಗಿದ್ದವು, ಬ್ಯಾಂಕು, ವಿಮಾ ಕಂಪನಿಗಳೇ ಹಂಚುತ್ತಿದ್ದವು. ನಾವು ಉಳಿಸಿದರೆ ಅವರಿಗೂ ಲಾಭವೇ.) ಹನಿ ಹನಿ ಕೂಡಿದರೆ ಹಳ್ಳ ಎಂದು ನಮ್ಮ ಹಿರಿಯರೂ ಹೇಳಿದ್ದಾರೆ. ಹಳ್ಳ ಎಷ್ಟು ದೊಡ್ಡದಾಗುತ್ತದೆ ಎಂಬುದನ್ನು ಲೆಕ್ಕ ಹಾಕೋಣ.

ನಿಮ್ಮ ಸಂಬಳದ ಹತ್ತನೇ ಒಂದು ಭಾಗ 3 ಸಾವಿರ. ವರ್ಷಕ್ಕೆ ಶೇ 8ರಂತೆ ಬೆಳೆದರೆ 20 ವರ್ಷದಲ್ಲಿ ಸುಮಾರು 17.7 ಲಕ್ಷ. ನೀವು ಕಟ್ಟಿದ್ದು 7.2 ಲಕ್ಷ, ಮಿಕ್ಕಿದ್ದು ಚಕ್ರಬಡ್ಡಿಯ ಕೆಲಸ. ಖುಷಿಪಡುವ ಮೊದಲು ಬೆಲೆಯೇರಿಕೆಯನ್ನೂ ನೋಡಿ. ಅದು ವರ್ಷಕ್ಕೆ ಶೇ 5 ಎಂದುಕೊಂಡರೆ ಆ ಮೊತ್ತದ ಇಂದಿನ ಬೆಲೆ 6.7 ಲಕ್ಷದ ಆಸುಪಾಸು, ಅಂದರೆ ನಿಮ್ಮ ಈಗಿನ 22 ತಿಂಗಳ ಸಂಬಳ. ಸಂಬಳ ಏರಿದಂತೆ ಉಳಿತಾಯವನ್ನೂ ಏರಿಸಿದರೆ ಇನ್ನಷ್ಟು ಸೇರುತ್ತದೆ. ಕೆಲಸ ಹೋದರೆ, ಮನೆಯಲ್ಲಿ ಯಾರಾದರೂ ಆಸ್ಪತ್ರೆ ಸೇರಿದರೆ ತಡೆದುಕೊಳ್ಳುವ ಶಕ್ತಿ ಅದು. ಸಣ್ಣದೇನಲ್ಲ, ಆದರೆ ಶ್ರೀಮಂತಿಕೆಯೂ ಅಲ್ಲ. ಇದೇ ದರದಲ್ಲಿ 20 ವರ್ಷಕ್ಕೆ 5 ಕೋಟಿ ಬೇಕಾದರೆ ತಿಂಗಳಿಗೆ ಸುಮಾರು 85 ಸಾವಿರ ಕಟ್ಟಬೇಕು. ನಿಮ್ಮ ಇಡೀ ಸಂಬಳವೇ 30 ಸಾವಿರ.

ಹಾಗಾಗಿ 5 ಕೋಟಿಯ ಮಾತು ಮಿತವ್ಯಯದ ಮಾತಲ್ಲ, ಆದಾಯದ ಮಾತು. ಬೇಡಿಕೆಯಿರುವ ಕಸುಬು, ವ್ಯಾಪಾರದಲ್ಲಿ ಸ್ವಂತ ಪಾಲು, ಜೊತೆಗೆ ಅದೃಷ್ಟ. ಅಪ್ಪ ಅಮ್ಮನಿಂದ ಬಂದ ಆಸ್ತಿ, ಸಿಕ್ಕ ಓದು, ನೆಟ್ಟಗಿರುವ ಆರೋಗ್ಯ ಇವುಗಳ ಪಾಲನ್ನು ಹಳೆಯ ಪುಸ್ತಕಗಳು ಹೆಚ್ಚಾಗಿ ಮರೆಮಾಚುತ್ತವೆ. ಬರುವ ದುಡ್ಡೆಲ್ಲ ಬಾಡಿಗೆಗೂ ದಿನಸಿಗೂ ಹೋಗುವವರಿಗೆ ‘ಹತ್ತರಲ್ಲೊಂದು ಉಳಿಸು’ ಎನ್ನುವುದು ಸಲಹೆಯಲ್ಲ, ಹಂಗಿಸುವಿಕೆ.

ಉಳಿಸುವುದಕ್ಕೆ ಮನೋಬಲ ಬೇಕು ಎಂಬುದನ್ನೂ ಅಷ್ಟಾಗಿ ನಂಬಬೇಡಿ. ಅರ್ಥಶಾಸ್ತ್ರಜ್ಞರಾದ ರಿಚರ್ಡ್ ಥೇಲರ್ ಮತ್ತು ಶ್ಲೋಮೊ ಬೆನಾರ್ಟ್ಜಿ ಅಮೆರಿಕದ ಕಂಪನಿಯೊಂದರಲ್ಲಿ ‘ಸಂಬಳ ಏರಿದಾಗೆಲ್ಲ ಉಳಿತಾಯ ತಾನಾಗಿ ಏರಲಿ’ ಎಂಬ ಏರ್ಪಾಡು ಮಾಡಿಸಿದ್ದರು. ಅದಕ್ಕೆ ಒಪ್ಪಿದವರ ಉಳಿತಾಯ 40 ತಿಂಗಳಲ್ಲಿ ಸಂಬಳದ ಶೇ 3.5ರಿಂದ 13.6ಕ್ಕೆ ಏರಿತು. ಯಾರೂ ಕನ್ನಡಿಯ ಮುಂದೆ ನಿಂತು ಏನನ್ನೂ ಜಪಿಸಿರಲಿಲ್ಲ.

ಕೊನೆಗೆ ನಿಮ್ಮ ಪತ್ರದಲ್ಲಿ ನನಗೆ ಕುಟುಕಿದ ಸಂಗತಿ. ಬೇಕಾದ ಹಣ 5 ಕೋಟಿ ಎಂದು ಬರೆದಿದ್ದೀರಿ. ಕಾರ್ಡ್ ಬಾಕಿ ಎಷ್ಟು, ಬಡ್ಡಿ ಎಷ್ಟು ಎಂದು ಬರೆದಿಲ್ಲ. ತಿಂಗಳಿಗೆ ಶೇ 3ರ ಬಡ್ಡಿ ಎಂದುಕೊಂಡರೆ ಚಕ್ರಬಡ್ಡಿ ಸೇರಿ ವರ್ಷಕ್ಕೆ ಶೇ 42 ದಾಟುತ್ತದೆ. ಏನೂ ಕಟ್ಟದೆ ಬಿಟ್ಟರೆ ಎರಡು ವರ್ಷದಲ್ಲಿ ಬಾಕಿ ದುಪ್ಪಟ್ಟು. ಕ್ಲೇಸನ್ನರ ಕಥೆಯ ಸಾಲಗಾರ ಗಳಿಕೆಯ ಏಳು ಪಾಲಿನಲ್ಲಿ ಬದುಕಿ, ಎರಡು ಪಾಲು ಸಾಲಕ್ಕೆ ಕೊಟ್ಟು, ಒಂದು ಪಾಲು ಉಳಿಸುತ್ತಾನೆ. ಇಷ್ಟು ದುಬಾರಿ ಬಡ್ಡಿಯಿರುವಾಗ ಆ ಒಂದು ಪಾಲೂ ಸಾಲಕ್ಕೇ ಹೋಗಲಿ ಎಂಬುದು ನನ್ನ ಮತ. ತುರ್ತಿಗೆಂದು ಒಂದು ತಿಂಗಳ ಖರ್ಚು ಕೈಯಲ್ಲಿಟ್ಟುಕೊಂಡು, ಸಂಬಳ ಬಂದ ದಿನವೇ 9 ಸಾವಿರ ಕಾರ್ಡಿಗೆ ಕಟ್ಟಿ. 21 ಸಾವಿರದಲ್ಲಿ ತಿಂಗಳು ಸಾಗದಿದ್ದರೆ ಆಗುವಷ್ಟು ಕಟ್ಟಿ, ಆದರೆ ಅದೇ ದಿನ ಕಟ್ಟಿ. ಚೀಟಿಯನ್ನು ಎಸೆಯಬೇಕಿಲ್ಲ. ಅದರ ಹಿಂಬದಿ ಖಾಲಿಯಿರುತ್ತದಲ್ಲ, ಅಲ್ಲಿ ಈ ತಿಂಗಳ ಬಾಕಿ ಬರೆಯಿರಿ. ಮುಂದಿನ ತಿಂಗಳು ಅದರ ಕೆಳಗೆ ಹೊಸ ಬಾಕಿ.