ಹಿತ್ತಲ ಕೆಂಪಿ ಮತ್ತು ಪಟ್ಟದ ಕುದುರೆ: ಸಂಪಾದಕರ ಉತ್ತರ

ಶ್ರೀರಂಗಪಟ್ಟಣದ ಓದುಗರಿಗೆ ನಮಸ್ಕಾರ.

ತಮ್ಮ ದೀರ್ಘ ಪತ್ರ ಕೈಸೇರಿತು. ಕಳೆದ ಸಂಚಿಕೆಯಲ್ಲಿ ಬಂದ ಮೈಸೂರು ಅರಮನೆಯ ಕುದುರೆಗಳ ಲೇಖನವನ್ನು ಓದಿ, ತಮ್ಮ ತಂದೆಯವರು ಟಾಂಗಾ ಗಾಡಿಗೆ ಕಟ್ಟುತ್ತಿದ್ದ ಕೆಂಪಿ ಎಂಬ ಹೆಣ್ಣು ಕುದುರೆ ನೆನಪಾಯಿತೆಂದೂ, ಅದರ ಜೊತೆಯಲ್ಲೇ ತಾವು ಬೆಳೆದಿರೆಂದೂ ಬರೆದಿದ್ದೀರಿ. ಅದು ತಮ್ಮ ಹೆಜ್ಜೆಯ ಸದ್ದನ್ನು ಗುರುತಿಸುತ್ತಿತ್ತೆಂಬುದು ಬರಿಯ ಬಾಲ್ಯದ ಕಲ್ಪನೆಯೇ, ದುಡಿಸಿಕೊಂಡ ಪ್ರಾಣಿಯನ್ನು ಮನೆಯವಳೆಂದು ಕರೆಯುವುದು ಸರಿಯೇ, ಪಟ್ಟದ ಕುದುರೆಗೆ ಪುಟಗಳನ್ನು ಮೀಸಲಿಡುವ ಪತ್ರಿಕೆಯಲ್ಲಿ ಟಾಂಗಾ ಕುದುರೆಗೂ ಜಾಗವುಂಟೇ ಎಂದು ಕೇಳಿದ್ದೀರಿ.

ಮೊದಲನೆಯದು ಕಲ್ಪನೆಯಲ್ಲ. ಕುದುರೆಯ ಎರಡು ಕಿವಿಗಳೂ ಒಂದರ ಹಂಗು ಇನ್ನೊಂದಕ್ಕಿಲ್ಲದೆ ಬೇರೆ ಬೇರೆ ದಿಕ್ಕಿಗೆ ಹೊರಳಬಲ್ಲವು. ಪರಿಚಿತರ ಮುಖವನ್ನೂ ದನಿಯನ್ನೂ ಅದು ಗುರುತಿಸುತ್ತದೆಂಬುದನ್ನು ಪ್ರಾಣಿವರ್ತನೆಯ ಅಧ್ಯಯನಗಳು ತೋರಿಸಿಕೊಟ್ಟಿವೆ. ತಾವು ಶಾಲೆಯಿಂದ ಬರುವಾಗ ಇನ್ನೂ ಬೀದಿಯ ತಿರುವಿನಲ್ಲಿರುವಾಗಲೇ ಕೆಂಪಿ ಕೆನೆಯುತ್ತಿತ್ತೆಂದರೆ ನಂಬದಿರಲು ಕಾರಣವಿಲ್ಲ. ಆದರೆ ಅದಕ್ಕಿಂತ ದೊಡ್ಡ ಸಾಕ್ಷಿಯಾಗಿ ನನಗೆ ಕಂಡದ್ದು, ತಾವು ನಡುವೆ ಒಂದೇ ಸಾಲಿನಲ್ಲಿ ಹೇಳಿ ಮುಂದೆ ಸಾಗಿದ ಸಂಗತಿ: ಭಾನುವಾರದ ಮಧ್ಯಾಹ್ನ ಅದು ಹಿತ್ತಲ ಹುಣಸೆಮರದ ಕೆಳಗೆ ಕಾಲು ಚಾಚಿ ಮಲಗಿರುತ್ತಿತ್ತು, ತಾವು ಪಕ್ಕದಲ್ಲಿ ಕುಳಿತು ಗಟ್ಟಿಯಾಗಿ ಮಗ್ಗಿ ಹೇಳುತ್ತಿದ್ದಿರಿ. ಕುದುರೆ ನಿಂತೇ ತೂಕಡಿಸಬಲ್ಲದು. ಅದರ ಕಾಲಿನ ಸ್ನಾಯುರಜ್ಜುಗಳು ಕೀಲುಗಳನ್ನು ಬಿಗಿಹಿಡಿದು ದೇಹ ಕುಸಿಯದಂತೆ ನೋಡಿಕೊಳ್ಳುತ್ತವೆ. ಕನಸು ಬೀಳುವಂಥ ಪೂರ್ಣ ನಿದ್ರೆಗೆ ಮಾತ್ರ ಅದು ನೆಲಕ್ಕೆ ಒರಗಲೇಬೇಕು. ಓಡಿ ಜೀವ ಉಳಿಸಿಕೊಳ್ಳುವ ಜಾತಿಯಾದ್ದರಿಂದ, ಭರವಸೆಯಿಲ್ಲದ ಕಡೆ ಅದು ಸುಲಭವಾಗಿ ಮಲಗುವುದಿಲ್ಲ. ಕಿವಿಯ ಬಳಿಯೇ ಮಗ್ಗಿಯ ಸದ್ದಿದ್ದರೂ ಕೆಂಪಿ ಏಳದೆ ಮಲಗಿತ್ತೆಂದರೆ, ಆ ಹುಡುಗಿಯಿಂದ ತನಗೆ ಕೇಡಿಲ್ಲವೆಂದು ಅದು ಬಲ್ಲದಾಗಿತ್ತು.

ಎರಡನೆಯ ಪ್ರಶ್ನೆಯಲ್ಲಿ ತಮ್ಮ ಅಳುಕು ಎದ್ದು ಕಾಣುತ್ತದೆ. "ಅರಮನೆಯ ಕುದುರೆಗಳಿಗೆ ಪ್ರೀತಿ ಸಿಕ್ಕಿತು, ನಮ್ಮದಕ್ಕೆ ಸಿಕ್ಕಿದ್ದು ರೈಲು ನಿಲ್ದಾಣದಿಂದ ಗುಂಬಜ್‌ಗೂ ಸಂಗಮಕ್ಕೂ ಎಳೆಯುವ ದುಡಿಮೆ" ಎಂಬ ತಮ್ಮ ಮಾತನ್ನು ನಾನು ಒಪ್ಪಲಾರೆ. ತಮ್ಮ ಪತ್ರವೇ ಅದನ್ನು ಒಪ್ಪುವುದಿಲ್ಲ. ತಮ್ಮ ತಾಯಿಯವರು ನಸುಕಿನಲ್ಲೆದ್ದು ಹುರುಳಿ ಬೇಯಿಸಿ, ಬಸಿದ ಕಟ್ಟನ್ನು ಮನೆಯ ಸಾರಿಗೆ ಎತ್ತಿಟ್ಟುಕೊಂಡು, ಬೆಂದ ಕಾಳನ್ನು ಆರಲು ಬಿಟ್ಟು, ಬೆರಳಲ್ಲಿ ಹಿಸುಕಿ ನೋಡಿ, ಬೂಸದೊಡನೆ ಕಲಸಿ ಕೆಂಪಿಯ ಮುಂದಿಡುತ್ತಿದ್ದರೆಂದು ಬರೆದಿದ್ದೀರಿ. ಒಂದೇ ಪಾತ್ರೆಯಲ್ಲಿ ಬೆಂದದ್ದನ್ನು ಮನೆಮಂದಿಯೂ ಕುದುರೆಯೂ ಹಂಚಿಕೊಂಡು ಉಂಡ ಮೇಲೆ, ಅದನ್ನು ಮನೆಯವಳೆನ್ನಲು ಇನ್ನಾರ ಅಪ್ಪಣೆ ಬೇಕು? ಆ ಹಿಸುಕಿ ನೋಡುವುದರಲ್ಲಿ ಎಷ್ಟು ತಿಳಿವಳಿಕೆಯಿತ್ತೆಂಬುದನ್ನೂ ಗಮನಿಸಿ: ಕುದುರೆಗೆ ವಾಂತಿ ಮಾಡುವ ಶಕ್ತಿಯಿಲ್ಲ, ಒಗ್ಗದ ಮೇವು ಹೊಟ್ಟೆಶೂಲೆಯಾಗಿ ಜೀವವನ್ನೇ ತೆಗೆಯಬಹುದು. ಗೊರಸು ಉಗುರಿನಂತೆ ಬೆಳೆಯುತ್ತಲೇ ಇರುವುದರಿಂದ 6ರಿಂದ 8 ವಾರಗಳಿಗೊಮ್ಮೆ ಲಾಳ ಬಿಚ್ಚಿ, ಗೊರಸು ಕೆತ್ತಿ, ಮತ್ತೆ ಹೊಡೆಸಬೇಕು. ಮನೆಯಲ್ಲಿ ಕಾಸಿಲ್ಲದ ತಿಂಗಳಲ್ಲೂ ತಮ್ಮ ತಂದೆಯವರು ಆ ಖರ್ಚನ್ನು ಮುಂದೂಡಲಿಲ್ಲವೆಂದು ತಾವೇ ಹೇಳಿದ್ದೀರಿ.

ಹಾಗೆಂದು ಆ ದುಡಿಮೆಯ ಭಾರವನ್ನು ಮುಚ್ಚಿಡಬೇಕಾಗಿಲ್ಲ. ಗಾಡಿಗೆ ಕಟ್ಟುವ ಪಟ್ಟಿ ಉಜ್ಜಿ ಬೆನ್ನಿನ ಮೇಲೆ ಹುಣ್ಣಾದದ್ದು, ಅದು ಮಾಯುವವರೆಗೆ ತಂದೆಯವರು ಗಾಡಿ ಕಟ್ಟದೆ ಕೂಲಿಗೆ ಹೋದದ್ದು, ಇವನ್ನು ಬರೆದು ತಾವು ಗೆರೆ ಎಳೆದು ಹೊಡೆದುಹಾಕಿದ್ದೀರಿ. ಗೆರೆಯ ಕೆಳಗೆ ಅಕ್ಷರಗಳು ಓದುವಂತಿದ್ದವು. ದಯವಿಟ್ಟು ಅವನ್ನು ಬಿಡಬೇಡಿ. ಮೈಸೂರಿನಲ್ಲಿ ಟಾಂಗಾ ಹತ್ತಿ ಶಾಲೆಗೆ ಹೋಗುತ್ತಿದ್ದ ಮಕ್ಕಳಲ್ಲಿ ನಾನೂ ಒಬ್ಬ. ಗಾಡಿಯೊಳಗಿನ ಹಸಿ ಹುಲ್ಲಿನ ವಾಸನೆ, ಮುಂದಿನ ಜಾಗಕ್ಕಾಗಿ ನಡೆಯುತ್ತಿದ್ದ ಜಗಳ ಎಲ್ಲ ನೆನಪಿವೆ, ಆದರೆ ಪಟ್ಟಿಯ ಕೆಳಗೆ ಏನಿತ್ತೆಂದು ಗಾಡಿಯಲ್ಲಿ ಕೂತವರಿಗೆ ಕಾಣುವುದಿಲ್ಲ. ಅದನ್ನು ಸಾಕಿದ ಮನೆಯವರೇ ಹೇಳಬೇಕು.

ಇನ್ನು ಪತ್ರಿಕೆಯಲ್ಲಿ ಜಾಗದ ಮಾತು. ಮೊದಲ ಮಹಾಯುದ್ಧದಲ್ಲಿ, 1918ರ ಸೆಪ್ಟೆಂಬರ್ 23ರಂದು, ಇಂದಿನ ಇಸ್ರೇಲಿನಲ್ಲಿರುವ ಹೈಫಾ ಪಟ್ಟಣವನ್ನು ಗೆದ್ದುಕೊಟ್ಟ ಕಾಳಗದಲ್ಲಿ ಜೋಧಪುರದ ದಳದೊಡನೆ ಮೈಸೂರು ಸಂಸ್ಥಾನದ ಅಶ್ವದಳವಾದ ಮೈಸೂರು ಲ್ಯಾನ್ಸರ್ಸ್‌ನ ಕುದುರೆಗಳೂ ಇದ್ದವು. ಅಲ್ಲಿನ ಕಾರ್ಮೆಲ್ ಬೆಟ್ಟದಲ್ಲಿದ್ದ ಶತ್ರುಗಳ ಫಿರಂಗಿಗಳ ಮೇಲೆ ಮೈಸೂರಿನವರು ಏರಿಹೋದರು. ಆ ಯುದ್ಧರಂಗಕ್ಕೆ ಹೋಗಿದ್ದ ಮೈಸೂರು, ಜೋಧಪುರ ಮತ್ತು ಹೈದರಾಬಾದಿನ ಅಶ್ವದಳಗಳ ನೆನಪಿಗೆ ದೆಹಲಿಯಲ್ಲಿ ತೀನ್ ಮೂರ್ತಿ ಸ್ಮಾರಕವಿದೆ. ಅಲ್ಲಿರುವುದು ನಿಂತಿರುವ ಮೂವರು ಯೋಧರ ಕಂಚಿನ ಪ್ರತಿಮೆಗಳು. ಅವರನ್ನು ಹೊತ್ತ ಕುದುರೆಗಳಿಗೆ ಅಲ್ಲಿ ಪ್ರತಿಮೆಯಿಲ್ಲ. ಅಶ್ವದಳದ ಸ್ಮಾರಕದಲ್ಲೇ ಹೀಗಿರುವಾಗ, ಟಾಂಗಾ ಕುದುರೆಯನ್ನು ಸಾಕಿದವರು ಬರೆಯದಿದ್ದರೆ ಅದರ ಗುರುತು ಎಲ್ಲಿ ಉಳಿದೀತು? ಆಯುಧಪೂಜೆಯ ದಿನ ಅರಮನೆಯಲ್ಲಿ ಪಟ್ಟದ ಆನೆ, ಪಟ್ಟದ ಕುದುರೆಗಳಿಗೆ ಪೂಜೆ ನಡೆಯುವ ಹೊತ್ತಿಗೆ ತಮ್ಮ ಹಿತ್ತಲಲ್ಲಿ ಕೆಂಪಿಗೆ ಅರಿಶಿನ ಕುಂಕುಮವಿಟ್ಟು, ಚೆಂಡುಹೂವಿನ ಹಾರ ಹಾಕಿ, ಅದು ಆ ಹಾರವನ್ನೇ ತಿನ್ನದಂತೆ ತಾವು ಕಾವಲು ನಿಲ್ಲುತ್ತಿದ್ದಿರಂತೆ. ನಮ್ಮ ಲೇಖನ ಅರಮನೆಯ ಪೂಜೆಯನ್ನಷ್ಟೇ ಹೇಳಿತು. ತಮ್ಮ ಬರಹ ಬಂದರೆ ಆ ದಿನದ ಚಿತ್ರ ತುಂಬಿಬರುತ್ತದೆ.

ಆದ್ದರಿಂದ ತಾವು ಬರೆಯಲೇಬೇಕು, ನಾವು ಪ್ರಕಟಿಸುತ್ತೇವೆ. ಪತ್ರದಲ್ಲಿ ಬಿಟ್ಟುಹೋದ ಕೆಲವನ್ನು ಸೇರಿಸಿ: ಕೆಂಪಿಯನ್ನು ನಿಲ್ಲಿಸಲು, ತಿರುಗಿಸಲು ತಂದೆಯವರು ಯಾವ ಸದ್ದು ಮಾಡುತ್ತಿದ್ದರು, ಲಾಳ ಎಲ್ಲಿ ಹೊಡೆಸುತ್ತಿದ್ದರು, ಮಳೆಗಾಲದಲ್ಲಿ ಅದನ್ನು ಎಲ್ಲಿ ಕಟ್ಟುತ್ತಿದ್ದರು. ಆಟೋಗಳು ಬಂದ ಮೇಲೆ ಟಾಂಗಾ ಮಾರಿದರೂ ಕೆಂಪಿಯನ್ನು ಮಾರದೆ ಅದರ ಕೊನೆಯವರೆಗೆ ಸಾಕಿದ ಭಾಗ ಈಗ ನಾಲ್ಕೇ ಸಾಲಿದೆ. ಅದನ್ನು ವಿಸ್ತಾರವಾಗಿ ಬರೆಯಿರಿ, ಪುಟಗಳ ಚಿಂತೆ ನಮಗಿರಲಿ. ಅಣ್ಣನವರ ಬಳಿ ಇರುವ, ಕೆಂಪಿಯ ಅರ್ಧ ಮುಖ ಮಾತ್ರ ಬಿದ್ದಿರುವ ಫೋಟೋವನ್ನೂ ಜೊತೆಗಿಟ್ಟು ಕಳುಹಿಸಿ. ನಕಲು ತೆಗೆದುಕೊಂಡು ಮೂಲವನ್ನು ಸ್ಪೀಡ್ ಪೋಸ್ಟ್‌ನಲ್ಲಿ ಹಿಂದಿರುಗಿಸುತ್ತೇವೆ.

— ಸಂಪಾದಕ