ಬೆಂಗಳೂರಿನಲ್ಲಿ ಎಲ್ಲವೂ ಮನೆ ಬಾಗಿಲಿಗೇ ಬರುತ್ತದೆ, ಆದರೂ ನಮ್ಮವರು ಎನ್ನುವವರು ಯಾರೂ ಇಲ್ಲ. ಏಕೆ? ಏನು ಮಾಡಬೇಕು?

ನಿಮ್ಮ ಪ್ರಶ್ನೆಯಲ್ಲೇ ಉತ್ತರವಿದೆ. ಎಲ್ಲವೂ ಬಾಗಿಲಿಗೇ ಬರುತ್ತದೆಯಲ್ಲ, ಅದಕ್ಕೇ.

ಕಳೆದ ತಿಂಗಳು ಒಂದು ರಾತ್ರಿ ಹಾಲು ಕಾಯಿಸಿಟ್ಟು ನೋಡಿದರೆ ಮನೆಯಲ್ಲಿ ಹೆಪ್ಪಿಗೆ ಒಂದು ಚಮಚ ಮೊಸರಿಲ್ಲ. ಮೊಬೈಲ್ ಒತ್ತಿದ್ದರೆ ಹತ್ತು ನಿಮಿಷದಲ್ಲಿ ಪೊಟ್ಟಣ ಬರುತ್ತಿತ್ತು. ಅಂದು ಏನೋ ಹಟ ಬಂದು, ದೀಪ ಹಚ್ಚಿದ ಮೇಲೆ ಮೊಸರು ಕೇಳಬಾರದು ಎಂಬ ಅಮ್ಮನ ಮಾತನ್ನೂ ಮೀರಿ, ಎದುರು ಮನೆಯ ಕರೆಗಂಟೆ ಒತ್ತಿದೆ. ನಾಲ್ಕು ವರ್ಷದಿಂದ ಎದುರುಬದುರು ಇದ್ದೇವೆ. ಬಾಗಿಲು ತೆರೆದ ಹೆಂಗಸು ‘ನಾವೇನೂ ಆರ್ಡರ್ ಮಾಡಿಲ್ಲವಲ್ಲ’ ಎಂದರು. ವಿಷಯ ತಿಳಿದ ಮೇಲೆ ಪಾಪ, ಲೋಟದ ತುಂಬ ಮೊಸರು ತಂದುಕೊಟ್ಟರು.

ನಮ್ಮದು ಹಾಸನದ ಕಡೆಯ ಹಳ್ಳಿ. ಅಪ್ಪನ ಟ್ರಂಕಿನಲ್ಲಿ ಇನ್ನೂ ಒಂದು ಮುಯ್ಯಿ ಪುಸ್ತಕವಿದೆ, 1974ರಲ್ಲಿ ನಡೆದ ಅತ್ತೆಯ ಮದುವೆಯದು. ಯಾರ ಮನೆಯಿಂದ ಎರಡು ರೂಪಾಯಿ, ಯಾರ ಮನೆಯಿಂದ ಐದು ಸೇರು ಅಕ್ಕಿ, ಯಾರದು ಬರೀ ಒಂದು ಕುಪ್ಪಸದ ಕಣ, ಎಲ್ಲವೂ ನೀಲಿ ಶಾಯಿಯಲ್ಲಿದೆ. ಅವರ ಮನೆಯಲ್ಲಿ ಮದುವೆಯಾದಾಗ ಅಷ್ಟಕ್ಕೆ ಇನ್ನೊಂದಿಷ್ಟು ಸೇರಿಸಿ ಕೊಟ್ಟು ಬಂದು, ಆ ಸಾಲಿನ ಮುಂದೆ ಅಪ್ಪ ಒಂದು ಗೀಟು ಎಳೆಯುತ್ತಿದ್ದರು. ಸೇರಿಸಿದ ಆ ‘ಇನ್ನೊಂದಿಷ್ಟು’ ಈಗ ಅವರು ತೀರಿಸಬೇಕಾದ ಮುಯ್ಯಿ. ಲೆಕ್ಕ ಎಂದೂ ಚುಕ್ತಾ ಆಗುತ್ತಿರಲಿಲ್ಲ. ನಾಟಿಯಲ್ಲೂ ಇದೇ ಮುಯ್ಯಾಳು: ಇವತ್ತು ನಮ್ಮ ಗದ್ದೆಗೆ ನೀವು, ನಾಳೆ ನಿಮ್ಮ ಗದ್ದೆಗೆ ನಾವು, ಕೂಲಿಯಿಲ್ಲ, ಮಧ್ಯಾಹ್ನದ ಮುದ್ದೆ ಮಾತ್ರ. ಇದನ್ನು ಪ್ರೀತಿ ಎಂದು ತಿಳಿಯಬೇಡಿ. ಬದುವಿನ ಜಗಳದಲ್ಲಿ ಬಾಯಿಗೆ ಬಂದಂತೆ ಬೈದಾಡಿದವರೇ ಮರುದಿನ ಅಕ್ಕಪಕ್ಕ ಬಗ್ಗಿ ಪೈರು ನೆಡುತ್ತಿದ್ದರು, ಬೇರೆ ದಾರಿ ಇರಲಿಲ್ಲ. ಸೇಡಿಗೂ ನಾವು ಮುಯ್ಯಿ ಎಂದೇ ಹೇಳುತ್ತೇವಲ್ಲವೇ?

ಈಗ ಲಗ್ನಪತ್ರಿಕೆಯ ಅಡಿಯಲ್ಲಿ ‘ಆಶೀರ್ವಾದವೇ ಉಡುಗೊರೆ’ ಎಂದು ಅಚ್ಚು ಹಾಕಿಸುತ್ತಾರೆ. ದೊಡ್ಡತನದ ಮಾತೇ ಸರಿ, ಆದರೆ ನನ್ನ ಕಿವಿಗೆ ಅದು ‘ನಿಮ್ಮ ಹಂಗು ನಮಗೆ ಬೇಡ’ ಎಂದೂ ಕೇಳಿಸುತ್ತದೆ. ಅಡುಗೆ ಕೇಟರಿಂಗಿನವರದು, ಅಲಂಕಾರ ಛತ್ರದವರದು. ಉಂಡು ಕೈತೊಳೆಯುವುದಷ್ಟೇ ನೆಂಟರ ಪಾಲು. ಕೊಂಡು ತಂದದ್ದಕ್ಕೆ ಋಣವಿಲ್ಲ. ಅಂಗಡಿಯಲ್ಲಿ ‘ಚಿಲ್ಲರೆ ಇಲ್ಲ, ನಾಳೆ ಕೊಡಿ’ ಎನ್ನುವ ಒಂದು ಮಾತಾದರೂ ಉಳಿದಿತ್ತು. 2016ರಲ್ಲಿ ಯುಪಿಐ ಬಂತು, ಬರಬರುತ್ತಾ ಅದೂ ಹೋಯಿತು.

ಹಾಗೆಂದು ಹಳೆಯದನ್ನು ಹೊಗಳುತ್ತಾ ಕೂರಲಾರೆ. ಅಪ್ಪನ ಆ ಪುಸ್ತಕದಲ್ಲಿ ಊರಾಚೆಯ ಕೇರಿಯ ಒಂದು ಹೆಸರೂ ಇಲ್ಲ. ಅವರು ಚಪ್ಪರ ಹಾಕಲು ಬಂದಿದ್ದರು. ಕೊನೆಯ ಪಂಕ್ತಿ ಎದ್ದ ಮೇಲೆ ಊಟ ಕಟ್ಟಿಸಿಕೊಂಡು ಹೋದರು. 1948ರ ನವೆಂಬರಿನಲ್ಲಿ ಸಂವಿಧಾನ ಸಭೆಯಲ್ಲಿ ಅಂಬೇಡ್ಕರ್ ಅವರು ಹಳ್ಳಿಯನ್ನು ಅಜ್ಞಾನ, ಸಂಕುಚಿತ ಬುದ್ಧಿಗಳ ಗೂಡು ಎಂದು ಜರೆದದ್ದು ಸುಮ್ಮನೆ ಅಲ್ಲ. ಆ ಕೇರಿಯಿಂದ ಇಲ್ಲಿಗೆ ಬಂದ ನನ್ನ ಸಹಪಾಠಿಯೊಬ್ಬನಿದ್ದಾನೆ. ಯಾರೂ ತನ್ನನ್ನು ಇಂಥವರ ಮಗ ಎಂದು ಗುರುತಿಸುವುದಿಲ್ಲ ಎನ್ನುವುದೇ ಅವನಿಗೆ ಈ ಊರಿನ ಸುಖ.

ಇನ್ನೊಂದು ಮಾತು. ಮುಯ್ಯಿ ನಗರದಲ್ಲಿ ಸತ್ತಿಲ್ಲ, ನಮ್ಮಂಥವರ ಮನೆಗಳಲ್ಲಿ ಸತ್ತಿದೆ. ನಮ್ಮ ಕಟ್ಟಡಕ್ಕೆ ಮನೆಗೆಲಸಕ್ಕೆ ಬರುವ ಹನ್ನೆರಡು ಮಂದಿ ಹೆಂಗಸರು ತಮ್ಮತಮ್ಮಲ್ಲೇ ಚೀಟಿ ನಡೆಸುತ್ತಾರೆ. ಒಬ್ಬರ ಮಗುವಿಗೆ ಜ್ವರ ಬಂದರೆ ಇನ್ನೊಬ್ಬರು ಅವರ ಪಾಲಿನ ಪಾತ್ರೆಗಳನ್ನೂ ತೊಳೆದು ಹೋಗುತ್ತಾರೆ. ಮುಂದಿನ ತಿಂಗಳು ಇವರಿಗೆ ಅವರು. ರಜೆ ಹಾಕಿದರೆ ನಾವು ಸಂಬಳ ಹಿಡಿಯುತ್ತೇವೆ ಎಂಬ ಭಯದಿಂದ ಹುಟ್ಟಿದ ಮುಯ್ಯಾಳು ಅದು.

ಏನು ಮಾಡಬೇಕು ಎಂದಿರಿ. ಸಂಘ, ಕ್ಲಬ್ಬು ಎಂದು ಹುಡುಕಿಕೊಂಡು ಹೋಗಬೇಡಿ, ಚಂದಾ ಕೊಟ್ಟರೆ ಅದೂ ಕೊಂಡದ್ದೇ. ನೆರೆಮನೆಯಿಂದ ಏಣಿಯನ್ನೋ ಸುತ್ತಿಗೆಯನ್ನೋ ಕೇಳಿ ತನ್ನಿ. ನಮ್ಮ ಎದುರು ಮನೆಯವರ ಲೋಟ ಮೂರು ವಾರದಿಂದ ನಮ್ಮ ಅಡುಗೆಮನೆಯ ಕಟ್ಟೆಯ ಮೇಲೆ ಕೂತಿದೆ. ಖಾಲಿ ಲೋಟ ಹಿಂದಿರುಗಿಸಬಾರದು ಎಂದು ನನ್ನ ಹೆಂಡತಿಯ ಪಟ್ಟು. ಚಟ್ನಿಪುಡಿ ಹಾಕಿ ಕೊಡೋಣ ಎಂದರೆ, ಅವರು ಬೆಳ್ಳುಳ್ಳಿ ತಿನ್ನುತ್ತಾರೋ ಇಲ್ಲವೋ ನಮಗೆ ಗೊತ್ತಿಲ್ಲ.