ಕಾರಿನ ಎಸಿ ಕಂಡೆನ್ಸರ್ ನಾವೇ ಬದಲಾಯಿಸಿಕೊಳ್ಳಬಹುದೇ?

ಕಲ್ಲು ಬಡಿದು ಕಂಡೆನ್ಸರ್ (ಎಸಿ ಗ್ಯಾಸಿನ ಬಿಸಿ ಹೊರಹಾಕುವ, ಕಾರಿನ ಮುಂಭಾಗದ ಜಾಲರಿ) ತೂತಾಗಿದೆ, ಹೊಸದು ತಂದಿಟ್ಟಿದ್ದೇನೆ, ನಾನೇ ಕೂರಿಸಿ ಆಮೇಲೆ ಗ್ಯಾಸ್ ತುಂಬಿಸಿದರೆ ಸಾಕೇ ಎಂದು ಕೇಳಿದ್ದೀರಿ. ಕೂರಿಸುವುದು ನಿಮ್ಮ ಕೈಲಾಗುವ ಕೆಲಸವೇ. ಆದರೆ ವ್ಯಾಕ್ಯೂಮ್ ಹಿಡಿಯದೆ (ಪಂಪಿನಿಂದ ಒಳಗಿನ ಗಾಳಿ, ತೇವ ಎಳೆದು ತೆಗೆಯದೆ) ಗ್ಯಾಸ್ ತುಂಬಿಸಿದರೆ ಹೊಸ ಕಂಡೆನ್ಸರ್‌ಗೆ ಹಾಕಿದ ದುಡ್ಡು ದಂಡ.

ತೂತಾಗಿದ್ದರೂ ಒಳಗೆ ಒತ್ತಡ ಉಳಿದಿರಬಹುದು. ಮೊದಲು ಎಸಿ ಅಂಗಡಿಯಲ್ಲಿ ಮಷೀನ್ ಹಾಕಿ ಉಳಿದ ಗ್ಯಾಸ್ ತೆಗೆಸಿ. ಪೈಪ್ ಸಡಿಲಿಸಿ ಗಾಳಿಗೆ ಬಿಡಬೇಡಿ. ಕಣ್ಣಿಗೆ ಕನ್ನಡಕ, ಕೈಗೆ ಗ್ಲೌಸ್ ಇರಲಿ, ಆ ಗ್ಯಾಸ್ ತಗುಲಿದ ಚರ್ಮ ಹೆಪ್ಪುಗಟ್ಟುತ್ತದೆ.

ಬಂಪರ್ ಬಿಚ್ಚಿದರೆ ರೇಡಿಯೇಟರ್ ಮುಂದೆ ಕಂಡೆನ್ಸರ್ ಕಾಣುತ್ತದೆ. ಪೈಪ್‌ಗಳಿಗೆ ಸಾಮಾನ್ಯವಾಗಿ 10 ಎಂಎಂ ಸ್ಪ್ಯಾನರಿನ ಬೋಲ್ಟು. ಅಲ್ಯೂಮಿನಿಯಂನಲ್ಲಿ ಕೂತ ಸ್ಟೀಲ್ ಬೋಲ್ಟು ತುಕ್ಕು ಹಿಡಿದು ಕಚ್ಚಿಕೊಂಡಿರುತ್ತದೆ. ಜೋರು ಮಾಡಿದರೆ ಬೋಲ್ಟು ಮುರಿಯುತ್ತದೆ, ಇಲ್ಲವೇ ಪೈಪೇ ತಿರುಚಿಕೊಳ್ಳುತ್ತದೆ. ತುಕ್ಕು ಬಿಡಿಸುವ ಸ್ಪ್ರೇ ಹೊಡೆದು ಅರ್ಧ ಗಂಟೆ ಕಾಯಿರಿ. ಬಿಚ್ಚಿದ ತಕ್ಷಣ ಪೈಪಿನ ಬಾಯಿಗೆ ಪ್ಲಾಸ್ಟಿಕ್ ಕಟ್ಟಿ. ಹೊಸ ಕಂಡೆನ್ಸರಿನ ಮುಚ್ಚಳವನ್ನೂ ಜೋಡಿಸುವ ಕ್ಷಣದವರೆಗೆ ತೆಗೆಯಬೇಡಿ.

ಪೈಪಿನ ಜೋಡಣೆಯ ರಬ್ಬರ್ ಓ-ರಿಂಗ್ ಹೊಸದೇ ಹಾಕಿ, ಎಸಿ ಆಯಿಲ್ ಸವರಿ ಕೂರಿಸಿ, ಗ್ರೀಸ್ ಬೇಡ. ಹಳೆಯ ಕಂಡೆನ್ಸರಿನಲ್ಲಿ ಉಳಿದುಹೋದ ಆಯಿಲ್‌ಗೆ ಬದಲಾಗಿ ಸಣ್ಣ ಕಾರುಗಳಲ್ಲಿ ಸುಮಾರು 20–30 ಎಂಎಲ್ ಹೊಸದು ಹಾಕುತ್ತಾರೆ. ಸರಿಯಾದ ಅಳತೆ ಕಾರಿನ ಸರ್ವೀಸ್ ಪುಸ್ತಕದಲ್ಲಿ, ಯಾವ ಆಯಿಲ್ ಎಂಬುದು ಕಂಪ್ರೆಸರ್ ಚೀಟಿಯಲ್ಲಿರುತ್ತದೆ. ತೇವ ಹೀರುವ ಡ್ರೈಯರ್ ಹೊಸ ಕಂಡೆನ್ಸರಿನ ಜೊತೆಗೇ ಬಂದಿದೆಯೇ ನೋಡಿ. ಬಂದಿಲ್ಲದಿದ್ದರೆ ಬೇರೆ ತಂದು ಹಾಕಿ, ತೂತಾದ ಲೈನಿನಲ್ಲಿ ಹಳೆಯ ಡ್ರೈಯರ್ ಆಗಲೇ ತೇವ ಕುಡಿದು ತುಂಬಿರುತ್ತದೆ. ಹಳೆಯದರ ಅಂಚಿನ ಫೋಮ್ ಪಟ್ಟಿಗಳನ್ನು ಹೊಸದಕ್ಕೆ ಅಂಟಿಸಲು ಬಹಳ ಜನ ಮರೆಯುತ್ತಾರೆ. ಅವಿಲ್ಲದಿದ್ದರೆ ಗಾಳಿ ಕಂಡೆನ್ಸರಿನ ಪಕ್ಕದಿಂದ ನುಸುಳಿ, ಟ್ರಾಫಿಕ್ಕಿನಲ್ಲಿ ನಿಂತಾಗ ತಂಪು ಕಡಿಮೆಯಾಗುತ್ತದೆ.

ಈಗ ವ್ಯಾಕ್ಯೂಮ್. ಪಂಪ್ ಕನಿಷ್ಠ 30–45 ನಿಮಿಷ ಓಡಲಿ. ಗಾಳಿ ಹೋಗುವುದು ಬೇಗ; ಪೈಪಿನೊಳಗಿನ ತೇವ ಆ ಕಡಿಮೆ ಒತ್ತಡದಲ್ಲಿ ಆವಿಯಾಗಿ ಹೊರಬರಲು ಹೊತ್ತು ಬೇಕು. ಉಳಿದ ನೀರು, ಗ್ಯಾಸ್ ಸಣ್ಣ ಕಿಂಡಿಯಿಂದ ನುಗ್ಗಿ ತಣ್ಣಗಾಗುವ ಎಕ್ಸ್‌ಪಾನ್ಷನ್ ವಾಲ್ವಿನಲ್ಲಿ ಮಂಜುಗಟ್ಟಿ ತಂಪು ಬಂದು ಹೋಗಿ ಮಾಡುತ್ತದೆ, ಆಮ್ಲವಾಗಿ ಒಳಗಿನ ಲೋಹವನ್ನೂ ತಿನ್ನುತ್ತದೆ. ಪಂಪ್ ನಿಲ್ಲಿಸಿ ವಾಲ್ವ್ ಮುಚ್ಚಿದ ಮೇಲೆ 20 ನಿಮಿಷ ಗೇಜಿನ ಮುಳ್ಳು ಕದಲಬಾರದು. ಕದಲಿದರೆ ಲೀಕ್ ಇದೆ ಅಥವಾ ತೇವ ಉಳಿದಿದೆ. ಸಮುದ್ರ ಮಟ್ಟದ ಮಂಗಳೂರಿನಲ್ಲಿ ವ್ಯಾಕ್ಯೂಮ್ ಗೇಜ್ 29 ಇಂಚು (ಪಾದರಸದ ಅಳತೆ) ದಾಟಬಹುದು. ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ ಹೊರಗಿನ ಗಾಳಿಯ ಒತ್ತಡವೇ ಕಡಿಮೆ, ಅಲ್ಲಿ 27ರ ಆಸುಪಾಸಿಗೆ ನಿಲ್ಲುವುದೇ ಸಹಜ, ಪಂಪ್ ಕೆಟ್ಟಿದೆ ಅಂದುಕೊಳ್ಳಬೇಡಿ.

ಗ್ಯಾಸನ್ನು ತೂಕ ಮಾಡಿಯೇ ತುಂಬಿಸಿ. ಬಾನೆಟ್ ಕೆಳಗಿನ ಚೀಟಿಯಲ್ಲಿ ಯಾವ ಗ್ಯಾಸ್, ಎಷ್ಟು ಗ್ರಾಂ ಎಂದು ಬರೆದಿರುತ್ತದೆ. ಹೆಚ್ಚು ಹಾಕಿದರೆ ತಂಪು ಹೆಚ್ಚುವುದಿಲ್ಲ, ಕಂಪ್ರೆಸರ್ ಮೇಲೆ ಭಾರ ಬೀಳುತ್ತದೆ. ಎಸಿ ಹಾಕಿ ಮುಂದಿನ ಫ್ಯಾನ್ ತಿರುಗುತ್ತಿದೆಯೇ ನೋಡಿದ ಮೇಲೆಯೇ ಬಂಪರ್ ಕೂರಿಸಿ.